ಮಾಂಡವ್ಯನ ಆಣಿ

ಮಹಾಭಾರತದ ಆದಿಪರ್ವದಲ್ಲಿ ಬರುವ ಆಣಿಮಾಂಡವ್ಯನ ವೃತ್ತಾಂತವನ್ನು ವಾಚಕರು ಬಲ್ಲರು. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಕದ್ದ ಮಾಲನ್ನು ಅಡಗಿಸಿಟ್ಟರು; ಬೆನ್ನಟ್ಟಿ ಬಂದ ರಾಜಭಟರು ಅವರೊಡನೆ ಋಷಿಯನ್ನೂ ಹಿಡಿದೊಯ್ದರು; ಅರಸನು ಶೂಲಕ್ಕೇರಿಸಿದನು. ನಿಜವು ತಿಳಿದ ಮೇಲೆ ಅರಸನು ಕಾಲಿಗೆರಗಿ ಕ್ಷಮೆ ಬೇಡಿದನಾದರೂ ಶೂಲವು ದೇಹದಿಂದ ಹೊರಬರಲೊಲ್ಲದು. ಹೊರಗಿನ ಭಾಗವನ್ನು ಕತ್ತರಿಸಿದರು. ಒಳಗಿನ ಮೊನೆ ಒಳಗೇ ಉಳಿಯಿತು. ಋಷಿಗೆ ಹೆಸರು ಬಂದುದೂ ಆ ಮೊನೆಯಿಂದಲೇ.

ಪಾಠಶಾಲೆಯಲ್ಲಿ ಈ ಕಥೆಯನ್ನು ಕರ್ಮಫಲಕ್ಕೆ ದೃಷ್ಟಾಂತವೆಂದು ಕಲಿತವನು ನಾನು. ಈಗ ಅದು ಬೇರೊಂದು ಪ್ರಸಂಗದಲ್ಲಿ ನೆನಪಿಗೆ ಬರುತ್ತಿದೆ. 2009ರಲ್ಲಿ ಕೇಂದ್ರ ಸರ್ಕಾರವು 2,000 ಕೋಟಿ ರೂಪಾಯಿಗಳ ವೆಚ್ಚದಲ್ಲಿ, ದೇಶದ ಪೊಲೀಸ್ ಠಾಣೆಗಳನ್ನೆಲ್ಲ ಒಂದೇ ಗಣಕಜಾಲದಲ್ಲಿ ಹೆಣೆಯುವ ಸಿ.ಸಿ.ಟಿ.ಎನ್.ಎಸ್. ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. 1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅದರ ಪಾಲಕ. ಈಗ 17,000ಕ್ಕೂ ಹೆಚ್ಚು ಠಾಣೆಗಳು ಅದರಲ್ಲಿ ಸೇರಿವೆ. ಅನಂತರ ನ್ಯಾಯಾಲಯ, ಕಾರಾಗೃಹ, ವಿಧಿವಿಜ್ಞಾನ ಪ್ರಯೋಗಶಾಲೆ, ಅಭಿಯೋಜನೆ ಇವುಗಳ ಕಡತಗಳನ್ನೂ ಅದರೊಡನೆ ಕೂಡಿಸುವ ಏರ್ಪಾಡಾಗಿದೆ. ಕಳುವಾದ ವಾಹನವೂ ಕಾಣೆಯಾದ ಮಗುವೂ ಪರಪ್ರಾಂತದಲ್ಲಿ ಪತ್ತೆಯಾಗುವುದಕ್ಕೆ ಇದು ಸಾಧನ. ಇದರ ಉಪಯೋಗವನ್ನು ಅಲ್ಲಗಳೆಯುವುದು ಅವಿವೇಕ.

ವಿಚಾರಾರ್ಹವಾದ ಪ್ರಶ್ನೆ ಬೇರೆ. ಒಬ್ಬನು ಬರೆದು ಸಹಸ್ರ ಜನರು ಓದುವ ದಾಖಲೆಯಲ್ಲಿ ತಪ್ಪು ನುಸುಳಿದರೆ ಅದನ್ನು ಕೀಳಬೇಕಾದವರು ಯಾರು?

ಉಪಾಧ್ಯಾಯನಾಗಿದ್ದಾಗ ನಾನೇ ಇಂಥದೊಂದು ಶೂಲವನ್ನು ನೆಟ್ಟವನು. ಪರೀಕ್ಷಾಶುಲ್ಕದ ಹಣ ಕಾಣದೆ ಹೋಯಿತು. ಸಂಶಯವು ಒಬ್ಬ ಹುಡುಗನ ಮೇಲೆ ಬಿದ್ದಿತು. ಊರು ಬಿಡುತ್ತಿದ್ದ ಅವನ ವರ್ಗಾವಣೆ ಪತ್ರದ ನಡತೆಯ ಅಂಕಣದಲ್ಲಿ 'ತೃಪ್ತಿಕರವಲ್ಲ' ಎಂದು ಬರೆದೆನು. ಎರಡು ತಿಂಗಳ ಮೇಲೆ ಹಣವು ಬೀರುವಿನ ಹಿಂದುಗಡೆ ದೊರೆಯಿತು. ನಮ್ಮ ಪುಸ್ತಕದಲ್ಲಿ ಆ ಮಾತನ್ನು ಹೊಡೆದುಹಾಕಿ ರುಜು ಮಾಡಿದೆನು. ಆದರೆ ಪತ್ರವು ಹೊರಟುಹೋಗಿತ್ತು. ಹೊಸ ಶಾಲೆಗೆ ಕಾಗದ ಬರೆದೆನು, ಉತ್ತರ ಬರಲಿಲ್ಲ. ಅಲ್ಲಿ ಆ ಮಾತನ್ನು ಯಾರು ಯಾರು ಓದಿದರೋ! ಒಂದೇ ಪ್ರತಿಯಿದ್ದ ಕಾಗದದ ಪಾಡೇ ಇದಾದರೆ ದೇಶವನ್ನೆಲ್ಲ ವ್ಯಾಪಿಸಿದ ಜಾಲದ ಪಾಡೇನು?

ಈ ಜಾಲಕ್ಕೆ ಮೇಲ್ವಿಚಾರಕರಿಲ್ಲವೆಂದಲ್ಲ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿಗಳ ಅಧ್ಯಕ್ಷತೆಯ ಸಮಿತಿಯಿದೆ. ಜಿಲ್ಲೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳಿರುವರು. ಆದರೆ ಇವರು ಮುಖ್ಯವಾಗಿ ನೋಡುವುದು ಕೆಲಸ ಸಾಗಿತೇ, ಹಣ ವ್ಯಯವಾಯಿತೇ, ಯಂತ್ರ ನಡೆಯುತ್ತಿದೆಯೇ ಎಂಬುದನ್ನು. ಬರೆದದ್ದು ನಿಜವೇ ಎಂದು ಕೇಳಬೇಕಾದವನು ಬರೆದವನ ಇಲಾಖೆಯವನೇ ಆಗಿರುವನು. ಲೆಕ್ಕ ಬರೆಯುವವನೇ ಲೆಕ್ಕ ತನಿಖೆ ಮಾಡುವುದನ್ನು ಸಣ್ಣ ಸಹಕಾರ ಸಂಘವೂ ಒಪ್ಪಲಾರದು.

ಶಾಸನಗಳನ್ನು ನೋಡಿದರೂ ಸಮಾಧಾನವು ಅರ್ಧವೇ. 2022ರ ದಂಡಪ್ರಕ್ರಿಯಾ ಗುರುತಿಸುವಿಕೆಯ ಕಾಯಿದೆಯಂತೆ ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರ ಮೊದಲಾದುವನ್ನು 75 ವರ್ಷ ಇರಿಸಬಹುದು. ಹಿಂದೆ ಶಿಕ್ಷೆಗೊಳಗಾಗದವನು ಬಿಡುಗಡೆ ಹೊಂದಿದರೆ ಅವನ್ನು ನಾಶಮಾಡತಕ್ಕದ್ದು, ನ್ಯಾಯಾಲಯವು ಕಾರಣ ಬರೆದು ಬೇರೆ ರೀತಿ ಆಜ್ಞಾಪಿಸದಿದ್ದರೆ. ಇದು ಸರಿಯೇ. ಆದರೆ ನಾಶದ ಕೋರಿಕೆಯು ಸರ್ಕಾರ ನೇಮಿಸಿದ ಅಧಿಕಾರಿಗೆ ಸಲ್ಲಬೇಕೆಂದು ನಿಯಮ. ಕೂಲಿಯವನೊಬ್ಬನು ಆ ಅಧಿಕಾರಿಯನ್ನು ಎಲ್ಲಿ ಹುಡುಕಬೇಕು? ಶೂಲ ಹೊಕ್ಕವನೇ ಶೂಲ ಕೀಳಲು ಅರ್ಜಿ ಬರೆಯಬೇಕೆಂಬ ಧರ್ಮ ನನಗೆ ಅರ್ಥವಾಗದು. ನಮ್ಮ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ನಿರ್ಣಯವಾಯಿತು. 2023ರ ಡಿಜಿಟಲ್ ದತ್ತಾಂಶ ಕಾಯಿದೆಯು ತನ್ನ ವಿಷಯವಾದ ತಪ್ಪನ್ನು ತಿದ್ದಿಸುವ ಹಕ್ಕನ್ನು ಪ್ರಜೆಗೆ ಕೊಟ್ಟಿತು. ಅಪರಾಧದ ತಡೆ, ತನಿಖೆಗಳ ವಿಷಯದಲ್ಲಿ ಮಾತ್ರ ಅದೇ ಹಕ್ಕಿಗೆ ವಿನಾಯಿತಿಯನ್ನೂ ಬರೆಯಿತು. ತಪ್ಪಿನಿಂದ ಹೆಚ್ಚು ಗಾಯವಾಗುವ ಸ್ಥಳದಲ್ಲಿಯೇ ಔಷಧವಿಲ್ಲ!

2024ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ನಮ್ಮಲ್ಲಿ ರೌಡಿ ಪಟ್ಟಿಯೆಂದು ಕರೆಯುವಂಥ ಪಟ್ಟಿಗಳನ್ನು ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಕಾಲಕಾಲಕ್ಕೆ ಪರಿಶೀಲಿಸಿ ನಿರ್ದೋಷಿಗಳ ಹೆಸರನ್ನು ತೆಗೆಯಬೇಕೆಂದಿತು. ಒಳ್ಳೆಯ ಹೆಜ್ಜೆ, ಆದರೂ ಅವರು ಪೊಲೀಸಿನವರೇ.

ತನಿಖೆಯ ಗುಟ್ಟು ಹೊರಬೀಳುವುದೆಂದು ಆಕ್ಷೇಪಿಸುವರು. ಮಾಂಡವ್ಯನು ಯಮಧರ್ಮನ ಸಭೆಗೇ ಹೋಗಿ ತನ್ನ ಲೆಕ್ಕವನ್ನು ಕೇಳಿದನು. ಬಾಲ್ಯದಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ ಫಲವೆಂದು ಉತ್ತರ ಬಂದಾಗ, ಹದಿನಾಲ್ಕು ವರ್ಷದವರೆಗಿನ ಕೃತ್ಯವು ಪಾಪವೆನಿಸಬಾರದೆಂದು ಮೇರೆ ಹಾಕಿದನು. ಧರ್ಮರಾಜನ ಕಡತವೇ ಪ್ರಶ್ನೆಗೆ ಹೊರತಲ್ಲ. ನಮ್ಮ ಕಾರಾಗೃಹಗಳಿಗೆ ಸಂದರ್ಶಕ ಮಂಡಲಿಗಳಿವೆ, ಜಿಲ್ಲಾ ನ್ಯಾಯಾಧೀಶರು ಒಳಹೊಕ್ಕು ಕೈದಿಗಳನ್ನು ಮಾತನಾಡಿಸುವರು; ಅದರಿಂದ ಗೋಡೆಗಳು ಕುಸಿಯಲಿಲ್ಲ. ಅಂಥ ಮಂಡಲಿಯೊಂದು ವರ್ಷಕ್ಕೆರಡು ಬಾರಿ ಜಿಲ್ಲೆಯ ದಾಖಲೆಗಳಲ್ಲಿ ನೂರನ್ನು ಆರಿಸಿ, ಬಿಡುಗಡೆಯಾದವರ ಹೆಸರು ಇನ್ನೂ ಉಳಿದಿದೆಯೇ ಎಂದು ತೀರ್ಪುಗಳೊಡನೆ ತಾಳೆ ನೋಡಲಿ. ಉಳಿದಿದ್ದರೆ ಅರ್ಜಿಗೆ ಕಾಯದೆ ತೆಗೆಸಲಿ, ತೆಗೆದುದನ್ನು ಆ ಮನೆಗೆ ಕಾಗದ ಬರೆದು ತಿಳಿಸಲಿ.