ಸಾಕಿದ ಮೀನಿನ ಆಹಾರವೂ ಸಾಕಿದವನ ಧರ್ಮವೂ

ಮಾಂಸವನ್ನು ಮುಟ್ಟದ ಮನೆಯವರು ಮಾಂಸಾಹಾರಿಯಾದ ಪ್ರಾಣಿಯನ್ನು ಸಾಕಿದರೆ ಅದಕ್ಕೆ ಏನನ್ನು ಉಣಿಸತಕ್ಕದ್ದು? ಬೆಕ್ಕಿನ ವಿಷಯದಲ್ಲಿ ಈ ಪ್ರಶ್ನೆಯು ನಮ್ಮನ್ನು ಅಷ್ಟಾಗಿ ಕಾಡಿಲ್ಲ. ನಾವು ಹಾಲಿಟ್ಟು ಸುಮ್ಮನಾಗುತ್ತೇವೆ. ಇಲಿಯ ಲೆಕ್ಕವನ್ನು ಅದು ಕತ್ತಲಲ್ಲಿ ತಾನೇ ನೋಡಿಕೊಳ್ಳುವದು. ಆದರೆ ಇತ್ತಿತ್ತಲಾಗಿ ಹುಬ್ಬಳ್ಳಿ-ಧಾರವಾಡದ ಮನೆಗಳ ಪಡಸಾಲೆಗೆ ಗಾಜಿನ ತೊಟ್ಟಿಗಳು ಬಂದಿವೆ. ತೊಟ್ಟಿಯೊಳಗಿನ ಮೀನಿಗೆ ಹೊರಗೆ ಹೋಗುವ ಹಾದಿಯಿಲ್ಲ. ಅದರ ಊಟವೆಲ್ಲ ನಮ್ಮ ಕೈಯಿಂದಲೇ ನಡೆಯತಕ್ಕದ್ದಾದುದರಿಂದ ಆ ಊಟದ ಪಾಪಪುಣ್ಯಗಳೂ ನಮ್ಮವೇ.

ಪಫರ್ ಎಂದು ಮಾರಲ್ಪಡುವ ಸಿಹಿನೀರಿನ ಚಿಕ್ಕ ಉಬ್ಬುಮೀನಿನಲ್ಲಿ ಈ ತೊಡಕು ಸ್ಪಷ್ಟವಾಗಿ ಕಾಣುವದು. ಇದು ಪರದೇಶದ್ದಲ್ಲ, ನಮ್ಮ ಸಹ್ಯಾದ್ರಿಯ ನೀರಿನದೇ. 1941ರಲ್ಲಿ ಸುಂದರಲಾಲ ಹೋರಾ ಹಾಗೂ ನಾಯರ್ ಎಂಬ ಪಂಡಿತರು ತಿರುವಾಂಕೂರಿನ ಪಂಪಾ ನದಿಯಲ್ಲಿ ಸಿಕ್ಕ ಇದನ್ನು ಶಾಸ್ತ್ರಕ್ಕೆ ಪರಿಚಯಿಸಿದರು. ಪೂರ್ಣ ಬೆಳೆದರೂ ಸುಮಾರು 3.5 ಸೆಂಟಿಮೀಟರು, ಒಂದೊಂದು ಕಣ್ಣನ್ನು ಒಂದೊಂದು ದಿಕ್ಕಿಗೆ ಹೊರಳಿಸುವ ಅದರ ನೋಟಕ್ಕೆ ಮಕ್ಕಳು ಮರುಳಾಗುವದು ಸಹಜವೇ. ಆದರೆ ಈ ಪುಟ್ಟ ಜೀವಿಯು ಬೇಟೆಗಾರ. ಸೊಳ್ಳೆಯ ಮರಿಗಳು, ನೀರಿನ ಸೂಕ್ಷ್ಮಪ್ರಾಣಿಗಳು, ಎಳೆಯ ಬಸವನಹುಳುಗಳು ಇದರ ಆಹಾರ. ಅಂಗಡಿಯ ಒಣ ತಿಂಡಿಯನ್ನು ಸಾಮಾನ್ಯವಾಗಿ ಮುಟ್ಟದು. ಇದರ ಹಲ್ಲುಗಳು ಒಂದಕ್ಕೊಂದು ಕೂಡಿ ಗಿಣಿಯ ಕೊಕ್ಕಿನಂತಾಗಿ ಜೀವಮಾನವೆಲ್ಲ ಬೆಳೆಯುತ್ತಿರುವವು. ಗಟ್ಟಿಯಾದ ಚಿಪ್ಪನ್ನು ಕಡಿದು ಅವು ಸವೆಯದಿದ್ದರೆ ಬಾಯಿ ತೆರೆಯುವದೇ ಕಷ್ಟವಾಗಿ ಮೀನು ಹಸಿವೆಯಿಂದ ಸಾಯಬಹುದು.

ಇಲ್ಲಿಯೇ ದಯಾಳುವಾದ ಗೃಹಸ್ಥನ ಮನಸ್ಸು ಹಿಂಜರಿಯುವದು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಚುರುಮುರಿ ಚೆಲ್ಲಿ ಸಂತೋಷಪಟ್ಟ ಆತನು ಮನೆಯ ಮೀನಿಗೂ ಅದನ್ನೇ ಕೊಡೋಣವೆನ್ನುವನು. ಜನ್ನನ 'ಯಶೋಧರ ಚರಿತೆ'ಯನ್ನು (1209) ಓದಿದವರಿಗೆ ಹಿಟ್ಟಿನ ಕೋಳಿಯ ಕಥೆ ನೆನಪಿರಬಹುದು. ಕೊಂದದ್ದು ಹಿಟ್ಟನ್ನೇ ಆದರೂ ಸಂಕಲ್ಪವು ಹಿಂಸೆಯದಾದುದರಿಂದ ಅರಸನು ಜನ್ಮಜನ್ಮಾಂತರಗಳಲ್ಲಿ ಬೆಂದನು. ನಮ್ಮ ಗೃಹಸ್ಥನದು ಇದಕ್ಕೆ ತಿರುಗುಮುರುಗು: ಸಂಕಲ್ಪವು ದಯೆಯದು, ಹಿಟ್ಟೂ ನಿರ್ದೋಷಿ, ಸಾಯುವದು ಮಾತ್ರ ನಿಜವಾದ ಮೀನು. ಮನಸ್ಸಿನ ಶುದ್ಧಿಯೊಂದೇ ಸಾಕೆಂಬ ವಾದವು ಗಾಜಿನ ತೊಟ್ಟಿಯ ಮುಂದೆ ನಿಲ್ಲಲಾರದು.

ಪಾರಿವಾಳಕ್ಕೆ ಅಭಯವಿತ್ತ ಶಿಬಿಯನ್ನು ಗಿಡುಗವು ಕೇಳಿದ್ದಾದರೂ ಇದನ್ನೇ: ನನ್ನ ಆಹಾರವೆಲ್ಲಿ? ಅರಸನು ಆ ಕೇಳಿಕೆಯನ್ನು ಅನ್ಯಾಯವೆನ್ನಲಿಲ್ಲ. ತನ್ನ ತೊಡೆಯಿಂದಲೇ ತೆತ್ತನು. ನಾವಾದರೋ ಬಸವನಹುಳದ ಮೈಯಿಂದ ತೆರುತ್ತೇವೆ. ಇದನ್ನು ಔದಾರ್ಯವೆಂದು ಕರೆದುಕೊಳ್ಳುವ ಹಕ್ಕು ನಮಗಿಲ್ಲ. ಹುಳದ ಹೆಸರಿನಲ್ಲಿಯೇ ಬಸವನಿರುವದು ನಮ್ಮ ಕಡೆಯವರ ಕೈಯನ್ನು ಇನ್ನಷ್ಟು ನಡುಗಿಸಬಹುದು. ಆದರೆ ಕೊಡದಲ್ಲಿಯ ಸೊಳ್ಳೆಮರಿಗಳನ್ನು ಡೆಂಗಿಯ ಭಯದಿಂದ ಚೆಲ್ಲಿಬಿಡುವಾಗ ಯಾರೂ ನಿಟ್ಟುಸಿರುಬಿಡುವದಿಲ್ಲ. ನಮ್ಮ ದಯೆಗೂ ಚಿಪ್ಪಿನ ಅಂದ ಬೇಕೇನೋ!

ಮಂಜುಗಟ್ಟಿಸಿದ ಕೆಂಪುಹುಳುಗಳ ಪೊಟ್ಟಣವನ್ನು ಕೊಂಡರೆ ಕೊಲೆಯು ಕಣ್ಣಿಗೆ ಬೀಳದು. ಆದರೆ ಪರರ ಕೈಯಲ್ಲಿ ನಡೆದ ಮಾತ್ರಕ್ಕೆ ಅದು ಇಲ್ಲದ್ದಾಗದು. ಬಸವನಹುಳುಗಳನ್ನು ಉಣಕಲ್ಲಿನ ಇಲ್ಲವೆ ಕೆಲಗೇರಿಯ ಕೆರೆಯಿಂದ ಆಯ್ದು ತರುವದಕ್ಕಿಂತ ಬೇರೊಂದು ಪಾತ್ರೆಯಲ್ಲಿ ಬೆಳೆಸುವದು ಮೀನಿನ ಆರೋಗ್ಯಕ್ಕೆ ಲೇಸು. ಹೊರಗಿನವುಗಳೊಡನೆ ರೋಗದ ಜಂತುಗಳು ಬರಬಹುದು. ಹಾಗೆ ಬೆಳೆಸಿದವನು ಎರಡು ಜೀವಗಳನ್ನು ಸಾಕಿ ಒಂದನ್ನು ಇನ್ನೊಂದಕ್ಕೆ ಇಡುವನೆಂಬದು ಕಠೋರವಾದ ಮಾತು. ಆದರೂ ಮೀನನ್ನು ಸೆರೆಯಿಟ್ಟ ಬಳಿಕ ಈ ಕಠೋರತೆಯನ್ನು ಕಣ್ತೆರೆದು ಹೊರುವದೇ ಸರಿಯೆಂದು ನಮ್ಮ ಮತ. ಮೀನಿನ ಹೊಟ್ಟೆ ತುಸು ದುಂಡಗಾದೊಡನೆ ಉಣಿಸುವದನ್ನು ನಿಲ್ಲಿಸಿ ಉಳಿದುದನ್ನು ತೆಗೆಯಬೇಕು. ಕೊಳೆತರೆ ನೀರು ಕೆಡುವದು.

ಸೆರೆಯೇ ಬೇಕಾಗಿತ್ತೇ ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿಯೇ ಕೇಳಿಕೊಳ್ಳತಕ್ಕದ್ದು. ಈ ಮೀನನ್ನು ಬಹುಮಟ್ಟಿಗೆ ಹೊಳೆಗಳಿಂದಲೇ ಹಿಡಿದು ತರುವರು; ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಯಲ್ಲಿ ಸೇರಿಸಿದೆ. ಬಸವನಹುಳವನ್ನು ಕೊಡಲಾರದವರಿಗೆ ಬೇಯಿಸಿದ ಬಟಾಣಿಯನ್ನೂ ಸೊಪ್ಪನ್ನೂ ತಿನ್ನುವ ಗೋಲ್ಡ್‌ಫಿಶ್ ಪಕ್ಕದ ತೊಟ್ಟಿಯಲ್ಲಿಯೇ ದೊರೆಯುವದು. ಅದಕ್ಕೆಂದು ಮಾರುವ ತಿಂಡಿಯಲ್ಲಿಯೂ ಮೀನಿನ ಪುಡಿಯು ಹೆಚ್ಚಾಗಿ ಬೆರೆತಿರುವದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳುವದು ಮೇಲು.