ಚಂದಾ ಪುಸ್ತಕದಲ್ಲಿಲ್ಲದ ಹೆಸರು

ಮಧುಗಿರಿ ಪೇಟೆಯ ದಿನಸಿ ಅಂಗಡಿಗೆ ಚಂದಾ ಕೇಳಲು ಬರುವವರಿಗೂ ಒಂದು ಪಂಚಾಂಗವಿದೆ. ಗೌರಿ ಹಬ್ಬಕ್ಕೆ ಮುಂಚೆ ಗಣೇಶನ ಹುಡುಗರು, ದಂಡಿನ ಮಾರಮ್ಮನ ಜಾತ್ರೆ ಹೊತ್ತಿಗೆ ಅನ್ನದಾನದವರು, ನವೆಂಬರಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾದವರು, ಬೇಸಿಗೆಯಲ್ಲಿ ಟೆನಿಸ್ ಬಾಲ್ ಟೂರ್ನಿಗೆ ಕಪ್ ಕೊಡಿಸಿ ಎನ್ನುವವರು. ಶಿರಾ, ಕೊರಟಗೆರೆ, ಪಾವಗಡದಲ್ಲೂ ಇದೇ ಕಥೆ. ರಸೀದಿ ಪುಸ್ತಕ ಬಿಚ್ಚಿ "ಎಷ್ಟು ಬರೀಲಿ ಅಣ್ಣ?" ಎಂದರೆ ಗಲ್ಲಾದ ಹಿಂದಿನಿಂದ ಮೊದಲು ಬರುವುದು ಮರುಪ್ರಶ್ನೆ: "ಪಕ್ಕದಂಗಡಿಯವರು ಎಷ್ಟು ಬರೆಸಿದ್ರು?" ಗೊಣಗುತ್ತಾರೆ, ಕೊಡುತ್ತಾರೆ. ಕೈಯಲ್ಲಿ ಕಾಸಿಲ್ಲದಿದ್ದರೆ ಅರ್ಧ ಮೂಟೆ ಅಕ್ಕಿ, ಒಂದಿಷ್ಟು ಬೇಳೆ.

ಈ ಪುಸ್ತಕಗಳಲ್ಲಿ ಬೌದ್ಧಿಕ ವೈಕಲ್ಯವಿರುವ ಓಟಗಾರನೊಬ್ಬನ ಹೆಸರಿನಲ್ಲಿ ಹರಿದ ರಸೀದಿಯನ್ನು ನಾನಂತೂ ನೋಡಿಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ ಪಬ್ಲಿಕ್ಸ್ ಎಂಬ ದಿನಸಿ ಮಳಿಗೆಗಳಲ್ಲಿ ಇಂಥವರಿಗಾಗಿ ಕಾಸು ಕೂಡಿಸುವುದು ದಶಕಗಳ ರೂಢಿ. ಬಿಲ್ ಹಾಕುವವರು ಬೌದ್ಧಿಕ ವೈಕಲ್ಯವಿರುವವರ ಕ್ರೀಡಾ ಸಂಸ್ಥೆಯಾದ ಸ್ಪೆಷಲ್ ಒಲಿಂಪಿಕ್ಸ್‌ಗೆ ಒಂದೆರಡು ಡಾಲರ್ ಸೇರಿಸಲೇ ಎಂದು ಕೇಳುತ್ತಾರೆ, ಹೂಂ ಎಂದವರಿಗೆ ಪಂಜಿನ ಚಿತ್ರದ ಚೀಟಿ. ಹಾಲು, ಬ್ರೆಡ್ಡಿನ ಬಿಲ್ಲಿಗೆ ಅಂಟಿಕೊಂಡು ಬರುವ ಆ ಪುಡಿಗಾಸಿಗೆ ಬೆಲೆಯಿದೆ. ಯಾಕೆಂದರೆ ಸ್ಪೆಷಲ್ ಒಲಿಂಪಿಕ್ಸ್ ತನ್ನ ಕ್ರೀಡಾಪಟುಗಳಿಂದಾಗಲಿ ಅವರ ಮನೆಯವರಿಂದಾಗಲಿ ಶುಲ್ಕ ಪಡೆಯುವುದಿಲ್ಲ. ಇದನ್ನು ಕಟ್ಟಿದವರು ಅಧ್ಯಕ್ಷ ಕೆನಡಿಯವರ ತಂಗಿ ಯೂನಿಸ್ ಕೆನಡಿ ಶ್ರೈವರ್; 1962ರಲ್ಲಿ ತಮ್ಮ ಮನೆಯ ಅಂಗಳದಲ್ಲೇ ಇಂಥ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಿದ್ದರು. ಅವರ ಅಕ್ಕ ರೋಸ್‌ಮೇರಿಗೂ ಬೌದ್ಧಿಕ ವೈಕಲ್ಯವಿತ್ತು. 1968ರ ಜುಲೈ 20ರಂದು ಷಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಮೊದಲ ಕೂಟ ನಡೆಯಿತು, ಸುಮಾರು ಸಾವಿರ ಮಂದಿ ಆಡಿದರು.

ಸ್ಪೆಷಲ್ ಒಲಿಂಪಿಕ್ಸ್‌ನವರ ಒಂದು ನಿಯಮ ನನಗೆ ಬಹಳ ಹಿಡಿಸಿದೆ. ಮೊದಲು ಎಲ್ಲರನ್ನೂ ಒಮ್ಮೆ ಓಡಿಸಿ ಸಮಯ ಬರೆದುಕೊಳ್ಳುತ್ತಾರೆ. ಆಮೇಲೆ ವಯಸ್ಸು ಮತ್ತು ಆ ಸಮಯ ನೋಡಿ, ಗಂಡು ಹೆಣ್ಣು ಬೇರೆ ಮಾಡಿ, ಗುಂಪು ಕಟ್ಟುತ್ತಾರೆ. ಒಂದು ಗುಂಪಿನ ಅತಿ ವೇಗದವನಿಗೂ ಅತಿ ನಿಧಾನದವನಿಗೂ ನಡುವೆ ಶೇ 15ರಷ್ಟು ಅಂತರ ಮೀರದಂತೆ ನೋಡಿಕೊಳ್ಳುವುದು ಅವರ ಗುರಿ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಬಿಡುವ ಹಾಗೆಯೇ. ನೂರು ಮೀಟರನ್ನು 16 ಸೆಕೆಂಡಿನಲ್ಲಿ ಮುಗಿಸುವವನು, 25 ಸೆಕೆಂಡು ಬೇಕಾದವನು ಒಂದೇ ಗೆರೆಯ ಮೇಲೆ ನಿಲ್ಲುವುದಿಲ್ಲ. ನಿಧಾನದ ಗುಂಪಿನಲ್ಲೂ ಕೊನೆಯ ಹೆಜ್ಜೆಯವರೆಗೆ ಯಾರು ಗೆಲ್ಲುತ್ತಾರೋ ಹೇಳಲಾಗುವುದಿಲ್ಲ. ಸುಲಭದ ಗುಂಪು ಸಿಗಲಿ ಎಂದು ಮೊದಲ ಓಟದಲ್ಲಿ ಬೇಕಂತಲೇ ಕಾಲೆಳೆದು ಫೈನಲ್‌ನಲ್ಲಿ ಹಾರಿದವನನ್ನು ಹೊರಗೆ ಹಾಕಲೂ ನಿಯಮವಿದೆ. ಅಯ್ಯೋ ಪಾಪ ಎಂದು ಎಲ್ಲರ ಕೊರಳಿಗೂ ಒಂದೊಂದು ಪದಕ ತೂಗಿಬಿಡುವ ಕೂಟ ಇದೆಂದುಕೊಂಡವರು ಈ ಕಟ್ಟುನಿಟ್ಟನ್ನು ಗಮನಿಸಬೇಕು.

ಮೋಸ ಮಾಡಿದವರು ಬೇರೆ ಕಡೆ ಇದ್ದರು. 2000ರ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ವೈಕಲ್ಯದ ವಿಭಾಗದ ಬ್ಯಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ 12 ಮಂದಿಯಲ್ಲಿ 10 ಮಂದಿಗೆ ಅಂಥ ವೈಕಲ್ಯವೇ ಇರಲಿಲ್ಲ. ಅದಕ್ಕೆ ದಂಡ ತೆತ್ತವರು ಪ್ರಪಂಚದ ನಿಜವಾದ ಆಟಗಾರರು. 2012ರ ಲಂಡನ್ ಕೂಟದವರೆಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರ ವಿಭಾಗವೇ ಇರಲಿಲ್ಲ.

ನಮ್ಮಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್ 2001ರಲ್ಲಿ ನೋಂದಣಿಯಾಯಿತು. 2023ರ ಜೂನ್‌ನಲ್ಲಿ ಬರ್ಲಿನ್‌ನ ವಿಶ್ವ ಕೂಟದಿಂದ ನಮ್ಮವರು 202 ಪದಕ ತಂದರು, ಅದರಲ್ಲಿ 76 ಚಿನ್ನ. ಟೋಕಿಯೊ ಒಲಿಂಪಿಕ್ಸ್‌ನ ಏಳು ಪದಕಗಳನ್ನು ಬಾಯಿಪಾಠ ಒಪ್ಪಿಸುವವರಿಗೂ ಈ ಲೆಕ್ಕ ಗೊತ್ತಿರುವುದಿಲ್ಲ. ಗುಂಪು ಗುಂಪಿಗೂ ಪದಕವಿರುವುದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಒಂದು ಹೆಸರಾದರೂ ನೆನಪಿರಬೇಡವೇ?

ಈಗ ಬಸ್ಸಿನ ವಿಷಯಕ್ಕೆ ಬರೋಣ, ಎಲ್ಲವೂ ನಿಲ್ಲುವುದು ಅಲ್ಲೇ. ಪಾವಗಡ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಚೆನ್ನಾಗಿ ಓಡುವ ಇಪ್ಪತ್ತರ ಹುಡುಗನಿದ್ದಾನೆ ಎಂದಿಟ್ಟುಕೊಳ್ಳಿ. ಆಯ್ಕೆಗೆ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕು. ಒಬ್ಬನನ್ನೇ ಕಳಿಸುವಂತಿಲ್ಲ. 2023ರ ಜೂನ್‌ನಿಂದ ತಾಯಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಬೇಡ, ಸರಿ. ಮಗನ ವಿಕಲಚೇತನರ ಪಾಸು ಊರಿನಿಂದ 100 ಕಿ.ಮೀ.ಗೆ ಮುಗಿಯುತ್ತದೆ, ಬೆಂಗಳೂರು ಅದರಾಚೆಗಿದೆ. ಖಾಸಗಿ ಬಸ್ಸು ಹತ್ತಿದರೆ ಇಬ್ಬರಿಗೂ ದುಡ್ಡು. ಕಡ್ಲೇಕಾಯಿ ಕೀಳುವ ಕಾಲದಲ್ಲಿ ತಾಯಿಯ ಎರಡು ದಿನದ ಕೂಲಿ ಹೋಯಿತು. ಹಿಂದಿನ ರಾತ್ರಿ ತಂಗಲು ಜಾಗ, ಊಟ, ಓಡುವುದಕ್ಕೊಂದು ಜೊತೆ ಶೂ. ಇಷ್ಟನ್ನೂ ಕೂಡಿಸಿದರೆ ಒಂದು ಬೀದಿಯ ಗಣೇಶನಿಗೆ ಪೆಂಡಾಲ್ ಹಾಕುವಷ್ಟೂ ಆಗುವುದಿಲ್ಲ.

ಇದು ಅಂಗಡಿಯವರ ಹೊಣೆಯೇ ಎಂದು ಯಾರಾದರೂ ಕೇಳಿದರೆ, ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯನ್ನು ಸರ್ಕಾರದ ಕರ್ತವ್ಯವಾಗಿಸಿದೆ. ಕಂಪನಿ ಕಾಯ್ದೆ, ವರ್ಷಕ್ಕೆ 5 ಕೋಟಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭವಿರುವ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ; ಆ ಪಟ್ಟಿಯಲ್ಲಿ ಕ್ರೀಡಾ ತರಬೇತಿಯೂ ಇದೆ. ಪಾವಗಡದಲ್ಲೇ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹರಡಿಕೊಂಡಿದೆ. ಮೈದಾನ, ತರಬೇತುದಾರ, ಫಿಸಿಯೋಥೆರಪಿ ಇಂಥ ದೊಡ್ಡ ಬಾಬತ್ತುಗಳನ್ನು ಅಂಥ ಕಡೆಯೇ ಕೇಳಬೇಕು, ಪಟ್ಟು ಹಿಡಿದು ಕೇಳಬೇಕು.

ಹಾಗಿದ್ದೂ ನಾನು ದಿನಸಿ ಅಂಗಡಿಯ ಗಲ್ಲಾದ ಕಡೆ ನೋಡುತ್ತಿರುವುದಕ್ಕೆ ಕಾರಣ, ಅಲ್ಲಿ ಕೊಟ್ಟವರು ವಿಚಾರಿಸುತ್ತಾರೆ. ಕಂಪನಿಯ ಚೆಕ್ ಹೋದ ಮೇಲೆ ವರದಿ ಬರುತ್ತದೆ. ಐವತ್ತು ರೂಪಾಯಿ ಬರೆಸಿದ ಅಂಗಡಿಯವರು ಮಾತ್ರ ಮುಂದಿನ ಸಲ ಸಾಮಾನಿಗೆ ಬಂದ ತಾಯಿಯನ್ನು "ಏನಮ್ಮ, ಎಷ್ಟನೇದು ಬಂದ ನಿನ್ ಮಗ?" ಎಂದು ಕೇಳದೆ ಬಿಡುವುದಿಲ್ಲ. ರಾಗಿಗೆ ಸರತಿ ನಿಂತ ನಾಲ್ಕು ಜನರ ಕಿವಿಗೂ ಅದು ಬೀಳುತ್ತದೆ. ನೆಂಟರು ಬಂದಾಗ ಒಳಮನೆಗೆ ಕಳಿಸುತ್ತಿದ್ದ ಹುಡುಗನ ವಿಷಯ ಹೀಗೆ ಪೇಟೆಯ ಮಾತಾಗುವುದಿದೆಯಲ್ಲ, ಅದನ್ನು ಯಾವ ಅನುದಾನವೂ ಕೊಡಲಾರದು. ನಮ್ಮೂರುಗಳ ಬಾಯಿಚಪಲಕ್ಕೂ ಹೀಗೊಂದು ಉಪಯೋಗವಿರಲಿ.

ಒಂದು ಷರತ್ತು. ಚಂದಾ ಡಬ್ಬಿಯ ಮೇಲೆ ಮಗುವಿನ ಸಪ್ಪೆ ಮುಖದ ಫೋಟೊ ಅಂಟಿಸಿ "ಸಹಾಯ ಮಾಡಿ" ಎಂದು ಬರೆಯುವುದು ಬೇಡ. ಮನೆಯವರೂ ಆ ಹುಡುಗನೂ ಒಪ್ಪಿದರೆ ಅವನ ಹೆಸರು, ಆಟ, ಈ ವರ್ಷದ ಸಮಯ ಬರೆಯಲಿ. ಕಬಡ್ಡಿ ತಂಡದ ಬ್ಯಾನರಿನಲ್ಲಿ ಇರುವುದೂ ಅಷ್ಟೇ ತಾನೆ. ಮೂವತ್ತೇಳು ರೂಪಾಯಿಗೂ ಫೋನ್ ಹಿಡಿದು ಸ್ಕ್ಯಾನ್ ಮಾಡುವ ಕಾಲದಲ್ಲಿ ಚಿಲ್ಲರೆ ನಂಬಿದ ಡಬ್ಬಿ ತುಂಬುವುದೂ ಕಷ್ಟ. ರಸೀದಿ ಪುಸ್ತಕವೇ ವಾಸಿ, ಲೆಕ್ಕ ಅಂಗಡಿಯ ಗೋಡೆಯ ಮೇಲಿರಲಿ.

ಡಿಸೆಂಬರ್ 3ರಂದು, ವಿಶ್ವ ವಿಕಲಚೇತನರ ದಿನ, ಮ್ಯೂಸಿಕಲ್ ಚೇರು, ನಿಂಬೆಹಣ್ಣಿನ ಚಮಚ, ಸಂಜೆಗೆ ಪ್ರಮಾಣಪತ್ರ. ಮರುದಿನದಿಂದ ಮತ್ತೆ ಏನಿಲ್ಲ. ಅದರ ಬದಲು ವಾರಕ್ಕೆರಡು ದಿನ ಶಾಲೆಯ ಮೈದಾನ ಸಿಕ್ಕರೆ ಸಾಕು. ಬೌದ್ಧಿಕ ವೈಕಲ್ಯ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವ ಯುನಿಫೈಡ್ ಆಟಗಳು ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿವೆ. ಟೆನಿಸ್ ಬಾಲ್ ಟೂರ್ನಿಯ ಹುಡುಗರು ಅದಕ್ಕೆ ಸೇರಬಹುದು. ಯಾರ ಮನೆಗೆ ಹೋಗಿ ಕೇಳಬೇಕೆಂದು ಹುಡುಕಬೇಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಬಿಐಇಆರ್‌ಟಿ ಶಿಕ್ಷಕರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಸಿಗುತ್ತಾರೆ. ಯಾವ ಹಳ್ಳಿಯಲ್ಲಿ ಯಾವ ಮಗು ಇದೆ ಎಂಬುದು ಅವರಿಗೆ ಗೊತ್ತು.