ಜೆರುಸಲೇಮಿಗೆ ಹೋಗಲಾಗದವರ ಯಾತ್ರೆ



ಪವಿತ್ರ ನಾಡಿಗೆ ಗುಂಪಾಗಿ ಪುಣ್ಯಯಾತ್ರೆ ಹೋಗುವ ಮಾತು ನಮ್ಮ ಕನ್ನಡ ಸಮುದಾಯದಲ್ಲಿ ಆಗಾಗ ಬರುತ್ತದೆ. ಬೆತ್ಲೆಹೇಮ್, ನಜರೇತ್, ಗಲಿಲೇಯ ಸರೋವರ, ಜೆರುಸಲೇಮ್. ಈ ಹೆಸರುಗಳನ್ನು ಬಲಿಪೂಜೆಯಲ್ಲಿ ಕೇಳುತ್ತಲೇ ಬೆಳೆದ ನಮಗೆ, ಒಮ್ಮೆಯಾದರೂ ಆ ನೆಲವನ್ನು ಮುಟ್ಟಬೇಕೆಂಬ ಆಸೆ ಸಹಜ. ಆದರೆ ಲೆಕ್ಕ ಹಾಕಲು ಕುಳಿತರೆ ಮಾತು ನಿಲ್ಲುತ್ತದೆ. ವಿಮಾನ, ವೀಸಾ, ವಸತಿ ಎಲ್ಲ ಸೇರಿ ಒಬ್ಬರಿಗೆ ಲಕ್ಷ ರೂಪಾಯಿ ಮೀರುತ್ತದೆ. ಒಂದೂವರೆ ಲಕ್ಷವೆಂದೇ ಇಟ್ಟುಕೊಳ್ಳೋಣ. ದಿನಕ್ಕೆ 700 ರೂಪಾಯಿ ಕೂಲಿಯವರಿಗೆ ಅದು 214 ದಿನಗಳ ದುಡಿಮೆ. ಫೋಂಡಾದಲ್ಲಿರುವ ನಮ್ಮಲ್ಲಿ ಬಹಳ ಮಂದಿ ಬೆಳಗಾವಿ, ಖಾನಾಪುರ, ಹಳಿಯಾಳ, ಹುಬ್ಬಳ್ಳಿ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದವರು. ಗೌಂಡಿ ಕೆಲಸ, ತರಕಾರಿ ವ್ಯಾಪಾರ, ಮನೆಗೆಲಸ, ಗಾಡಿ ಓಡಿಸುವ ಕೆಲಸ ಮಾಡುವವರು. ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಕಳೆದ ಮೇಲೆ ಉಳಿಯುವುದೆಷ್ಟು ಎಂಬುದು ಎಲ್ಲರಿಗೂ ಗೊತ್ತು.

ಹಾಗಾದರೆ ಪ್ರಶ್ನೆ ಇದು: ಯೇಸುಸ್ವಾಮಿ ನಡೆದಾಡಿದ ನೆಲಕ್ಕೆ ಹೋದವರಿಗೆ ಸಿಗುವ ಕೃಪೆ, ಹೋಗಲಾಗದವರಿಗೆ ತಪ್ಪಿಹೋಗುತ್ತದೆಯೇ? ತಪ್ಪಿಹೋಗುವುದಾದರೆ ದೇವರ ಕೃಪೆಗೂ ಟಿಕೆಟ್ ಇದೆ ಎಂದಾಯಿತು. ತಪ್ಪುವುದಿಲ್ಲ ಎಂದಾದರೆ ಅಷ್ಟು ಖರ್ಚು ಮಾಡಿ ಹೋಗುವುದೇಕೆ?

ದೇವರು ಎಲ್ಲೆಲ್ಲೂ ಇದ್ದಾನೆ, ಸ್ಥಳದಲ್ಲೇನಿದೆ ಎಂದು ಬೇಗ ಉತ್ತರ ಕೊಟ್ಟುಬಿಡಬಹುದು. ಈ ಉತ್ತರ ಅರ್ಧ ಸತ್ಯ. ನಮ್ಮ ವಿಶ್ವಾಸದ ಬುಡದಲ್ಲೇ ಒಂದು ಊರು, ಒಂದು ಕಾಲ, ಒಬ್ಬ ತಾಯಿ ಇದ್ದಾರೆ. ದೇವರ ವಾಕ್ಯ ಮನುಷ್ಯನಾದದ್ದು ಎಲ್ಲೋ ಆಕಾಶದಲ್ಲಲ್ಲ, ನಜರೇತಿನ ಒಂದು ಮನೆಯಲ್ಲಿ. ವಿಜ್ಞಾನ ಓದಿದ ನಾವು ಪ್ರಯೋಗಾಲಯದಲ್ಲಿ ಒಂದು ಮಾತು ಕಲಿತಿದ್ದೇವೆ: ಪುಸ್ತಕದಲ್ಲಿ ಓದಿದ್ದನ್ನು ಕೈಯಾರೆ ಮಾಡಿ ನೋಡಿದಾಗ ಅದು ಬೇರೆಯೇ ರೀತಿಯಲ್ಲಿ ಮನಸ್ಸಿಗೆ ಇಳಿಯುತ್ತದೆ. ಜೆರಿಕೋದಿಂದ ಜೆರುಸಲೇಮಿಗೆ ಏರುವ ದಾರಿಯ ಬಿಸಿಲನ್ನು ಕಂಡವರಿಗೆ ಒಳ್ಳೆಯ ಸಮಾರಿಯದವನ ಕಥೆ ಹೊಸದಾಗಿ ಕೇಳಿಸುತ್ತದೆ. ದೇಹಕ್ಕೂ ತನ್ನದೇ ಆದ ಪ್ರಾರ್ಥನೆ ಇದೆ. ಆದ್ದರಿಂದ ಯಾತ್ರೆಯ ಆಸೆಯನ್ನು ಹಗುರವಾಗಿ ಕಾಣಬಾರದು.

ಆದರೂ ಧರ್ಮಸಭೆಯ ಹಿರಿಯರು ಮೊದಲಿನಿಂದಲೇ ಒಂದು ಎಚ್ಚರಿಕೆ ಕೊಟ್ಟಿದ್ದಾರೆ. ನಾಲ್ಕನೇ ಶತಮಾನದಲ್ಲಿ ನೀಸ್ಸಾದ ಸಂತ ಗ್ರೆಗರಿ ಸ್ವತಃ ಜೆರುಸಲೇಮನ್ನು ನೋಡಿ ಬಂದವರು. ಸ್ಥಳ ಬದಲಾಯಿಸಿದ ಮಾತ್ರಕ್ಕೆ ದೇವರು ಹತ್ತಿರವಾಗುವುದಿಲ್ಲ, ಮನಸ್ಸಿನ ತುಂಬ ಕೆಟ್ಟ ಯೋಚನೆ ಇಟ್ಟುಕೊಂಡವನು ಗೊಲ್ಗೊಥಾದಲ್ಲಿ ನಿಂತರೂ ಕ್ರಿಸ್ತನಿಂದ ದೂರವೇ ಎಂಬ ಅರ್ಥದಲ್ಲಿ ಅವರು ಪತ್ರ ಬರೆದರು. ಬೈಬಲನ್ನು ಲತೀನಿಗೆ ತಂದ ಸಂತ ಜೆರೋಮ್ 386ರಿಂದ ಸಾಯುವವರೆಗೂ ಬೆತ್ಲೆಹೇಮಿನಲ್ಲೇ ವಾಸವಾಗಿದ್ದರು. ಅವರೂ ಗೆಳೆಯನೊಬ್ಬನಿಗೆ ಬರೆದದ್ದು ಇದನ್ನೇ: ಜೆರುಸಲೇಮಿನಲ್ಲಿ ಇದ್ದದ್ದು ದೊಡ್ಡದಲ್ಲ, ಅಲ್ಲಿ ಚೆನ್ನಾಗಿ ಬಾಳಿದ್ದು ದೊಡ್ಡದು.

ಸಂತ ಲೂಕರ ಶುಭಸಂದೇಶದ ಕೊನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಓದಿ ನೋಡಿ. ಪುನರುತ್ಥಾನದ ದಿನ ಇಬ್ಬರು ಶಿಷ್ಯರು ಎಮ್ಮಾವುಗೆ ಹೊರಟಿದ್ದಾರೆ. ಅಂದರೆ ಜೆರುಸಲೇಮಿಗೆ ಬೆನ್ನು ಹಾಕಿ, ಮನಸ್ಸು ಮುರಿದು ನಡೆಯುತ್ತಿದ್ದಾರೆ. ಅಂಥವರ ಜೊತೆಗೇ ಪ್ರಭು ಹೆಜ್ಜೆ ಹಾಕಿದರು. ಅವರ ಗುರುತು ಹತ್ತಿದ್ದು ರೊಟ್ಟಿ ಮುರಿಯುವಾಗ. ಇವತ್ತು ಪವಿತ್ರ ನಾಡಿನಲ್ಲಿ ಎಮ್ಮಾವು ಇದೇ ಎಂದು ತೋರಿಸುವ ಊರುಗಳು ಒಂದಕ್ಕಿಂತ ಹೆಚ್ಚು ಇವೆ. ಆ ಊರು ಎಲ್ಲಿತ್ತು ಎಂಬುದು ಖಚಿತವಾಗಿ ಉಳಿಯಲಿಲ್ಲ. ಆ ರೊಟ್ಟಿ ಮಾತ್ರ ಪ್ರತಿ ಬಲಿಪೂಜೆಯಲ್ಲಿ ನಮ್ಮ ಕೈಗೆ ಬರುತ್ತಿದೆ.

ಹೋಗಲಾಗದವರನ್ನು ಧರ್ಮಸಭೆ ಮರೆಯಲಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ದೇವಾಲಯಗಳ ಗೋಡೆಯ ಮೇಲೇ ಇದೆ. 1342ರಿಂದ ಪವಿತ್ರ ಸ್ಥಳಗಳ ಪಾಲನೆಯನ್ನು ಫ್ರಾನ್ಸಿಸ್ಕನ್ ಗುರುಗಳಿಗೆ ಅಧಿಕೃತವಾಗಿ ವಹಿಸಲಾಯಿತು. ಜೆರುಸಲೇಮಿನ ಬೀದಿಯಲ್ಲಿ ಯಾತ್ರಿಕರು ನಡೆಯುತ್ತಿದ್ದ ಶಿಲುಬೆಯ ಹಾದಿಯನ್ನು ತಮ್ಮ ದೇವಾಲಯಗಳಿಗೆ ತಂದು ಹಬ್ಬಿಸಿದವರೂ ಅವರೇ. 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟರು ಅದನ್ನು 14 ಸ್ಥಳಗಳೆಂದು ನಿಗದಿಮಾಡಿ ಎಲ್ಲ ದೇವಾಲಯಗಳಲ್ಲೂ ಸ್ಥಾಪಿಸಲು ಅನುಮತಿ ಕೊಟ್ಟರು. ತಪಸ್ಸುಕಾಲದ ಶುಕ್ರವಾರ ಕೆಲಸ ಮುಗಿಸಿ, ಕೈಕಾಲು ತೊಳೆದು ಬಂದು ಆ 14 ಚಿತ್ರಗಳ ಮುಂದೆ ಮೊಣಕಾಲೂರುವ ನಮ್ಮ ತಾಯಂದಿರು ಮಾಡುತ್ತಿರುವುದು ಜೆರುಸಲೇಮಿನ ಯಾತ್ರೆಯನ್ನೇ.

ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಫೋಂಡಾದಿಂದ ಸುಮಾರು 20 ಕಿಲೋಮೀಟರ್ ದೂರದ ಹಳೆ ಗೋವಾಕ್ಕೆ ಹೋಗಬೇಕು. ಬೊಂ ಜೇಸು ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರವಿದೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದ ದರ್ಶನಕ್ಕೆ ನಮ್ಮಲ್ಲಿ ಎಷ್ಟೋ ಮಂದಿ ಸರದಿಯಲ್ಲಿ ನಿಂತಿದ್ದೇವೆ. ಆದರೆ ಈ ಸಂತರು ಗೋವಾಕ್ಕೆ ಬಂದದ್ದು ಹೇಗೆ ಎಂಬುದು ನಮ್ಮ ಪ್ರಶ್ನೆಗೆ ನೇರವಾಗಿ ಸೇರಿದ ಕಥೆ. 1534ರ ಆಗಸ್ಟ್ 15ರಂದು ಪ್ಯಾರಿಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಸಂತ ಇಗ್ನಾಸಿಯವರೂ ಕ್ಸೇವಿಯರರೂ ಸೇರಿ ಏಳು ಗೆಳೆಯರು ಪ್ರತಿಜ್ಞೆ ಮಾಡಿದರು. ಅದರಲ್ಲಿ ಜೆರುಸಲೇಮಿಗೆ ಹೋಗುವುದೂ ಒಂದು. ಹೋಗಲು ಸಾಧ್ಯವಾಗದಿದ್ದರೆ ಪೋಪರು ಕಳಿಸಿದಲ್ಲಿಗೆ ಹೋಗುವುದು ಎಂದೂ ಅದರಲ್ಲಿ ಸೇರಿಸಿದ್ದರು. 1537ರಲ್ಲಿ ಅವರು ವೆನಿಸ್ ನಗರದಲ್ಲಿ ಹಡಗಿಗಾಗಿ ಕಾದರು. ವೆನಿಸಿಗೂ ತುರ್ಕರಿಗೂ ಯುದ್ಧ ಬಂದು ದಾರಿ ಮುಚ್ಚಿತು. ಕಾಯುವ ದಿನಗಳಲ್ಲಿ ಅವರು ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆ ಮಾಡಿದರು. ಕ್ಸೇವಿಯರರು ಕೊನೆಗೂ ಜೆರುಸಲೇಮನ್ನು ನೋಡಲಿಲ್ಲ. 1542ರ ಮೇ 6ರಂದು ಗೋವಾಕ್ಕೆ ಬಂದಿಳಿದರು, ಇಲ್ಲಿಯೂ ರೋಗಿಗಳ, ಸೆರೆಯಾಳುಗಳ ಬಳಿಗೆ ಹೋದರು. ಯಾರ ದರ್ಶನಕ್ಕಾಗಿ ಖಾನಾಪುರ, ಬೆಳಗಾವಿ ಕಡೆಯ ಭಕ್ತರು ಕಾಲ್ನಡಿಗೆಯಲ್ಲಿ ಘಟ್ಟ ಇಳಿದು ಬರುತ್ತಾರೋ, ಅವರೇ ಪವಿತ್ರ ನಾಡಿಗೆ ಹೋಗಲಾಗದ ಯಾತ್ರಿಕರು.

ಫೋಂಡಾದಲ್ಲಿ ವಾಸಿಸುವ ನಾವು ಇನ್ನೊಂದು ಸಂಗತಿಯನ್ನೂ ಮರೆಯಬಾರದು. ನಮ್ಮ ಸುತ್ತಲಿನ ಮಂಗೇಶಿ, ಕವಳೆಯ ಶಾಂತಾದುರ್ಗಾ ಮುಂತಾದ ದೇವಸ್ಥಾನಗಳಿಗೆ ಮಂಗಳೂರು, ಕುಮಟಾ ಕಡೆಯಿಂದಲೂ ಕುಟುಂಬಗಳು ಕುಲದೇವರ ದರ್ಶನಕ್ಕೆ ಬರುತ್ತವೆ. ಆ ದೇವಸ್ಥಾನಗಳು ಮೊದಲು ಇಲ್ಲಿರಲಿಲ್ಲ. 1560ರ ದಶಕದಲ್ಲಿ ಪೋರ್ಚುಗೀಸರ ಆಳ್ವಿಕೆಯ ಭಾಗದಲ್ಲಿ ದೇವಸ್ಥಾನಗಳನ್ನು ಕೆಡವಿದಾಗ, ಭಕ್ತರು ವಿಗ್ರಹಗಳನ್ನು ಹೊತ್ತು ನದಿ ದಾಟಿ, ಆಗ ಆದಿಲಶಾಹಿಗೆ ಸೇರಿದ್ದ ಈ ಸೀಮೆಗೆ ತಂದರು. ಪವಿತ್ರವೆಂದು ನಂಬಿದ ಜಾಗ ಕೈತಪ್ಪಿದಾಗ ಆಗುವ ನೋವು ನಮ್ಮ ನೆರೆಯವರ ಮನೆತನಗಳಿಗೆ ಗೊತ್ತು. ಆ ಆಳ್ವಿಕೆ ಕ್ರಿಸ್ತನ ಹೆಸರು ಹೇಳುತ್ತಿತ್ತು ಎಂಬುದನ್ನೂ ನಾವು ನೆನಪಿಡಬೇಕು. ನಮ್ಮ ಪುಣ್ಯಸ್ಥಳದ ಮೇಲಿನ ಪ್ರೀತಿ ಇನ್ನೊಬ್ಬರ ಪುಣ್ಯಸ್ಥಳವನ್ನು ಕಸಿಯುವುದಾದರೆ ಅದು ಭಕ್ತಿ ಎನಿಸುವುದಿಲ್ಲ. ಜೆರುಸಲೇಮಿನ ಪವಿತ್ರ ಸಮಾಧಿ ದೇವಾಲಯದ ಬಾಗಿಲಿನ ಹೊಣೆಯನ್ನು ನೂರಾರು ವರ್ಷಗಳಿಂದ ಎರಡು ಮುಸ್ಲಿಂ ಮನೆತನಗಳು ಹೊತ್ತಿವೆ. ಒಬ್ಬರ ಕೈಯಲ್ಲಿ ಕೀಲಿಕೈ, ಇನ್ನೊಬ್ಬರಿಗೆ ಬಾಗಿಲು ತೆರೆಯುವ ಕೆಲಸ. ನೆರೆಯವರ ಮೇಲೆ ನಂಬಿಕೆಯಿಟ್ಟು ಬಾಳುವುದೂ ಆ ನಾಡು ಕಲಿಸುವ ಪಾಠ.

ಹಾಗಾದರೆ ಹೋಗಬೇಕೇ, ಬೇಡವೇ? ಶಕ್ತಿ ಇದ್ದವರು ಹೋಗಲಿ. ಆದರೆ ಹೋಗುವ ಗುಂಪು ತನ್ನನ್ನೇ ಮೂರು ಮಾತು ಕೇಳಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು, ಈ ಹಣ ಯಾರ ಪಾಲಿನದು? ಬಡ್ಡಿಗೆ ಸಾಲ ತಂದು, ಮಗಳ ಓದನ್ನು ನಿಲ್ಲಿಸಿ, ಊರಿನ ಮುದಿ ತಂದೆಯ ಔಷಧಿಗೆ ಕತ್ತರಿ ಹಾಕಿ ಹೋಗುವುದನ್ನು ದೇವರು ಕೇಳಿಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಗದರಿಸಿದ್ದು ಸಂತ ಮಾರ್ಕರ ಏಳನೇ ಅಧ್ಯಾಯದಲ್ಲಿದೆ.

ಎರಡನೆಯದು, ಅಲ್ಲಿ ಕಲ್ಲನ್ನಷ್ಟೇ ನೋಡಿ ಬರುತ್ತೇವೆಯೋ, ಜನರನ್ನೂ ನೋಡುತ್ತೇವೆಯೋ? ಆ ನಾಡಿನಲ್ಲಿ ಇವತ್ತಿಗೂ ನಮ್ಮ ಹಾಗೆಯೇ ಅಲ್ಪಸಂಖ್ಯಾತರಾದ ಕ್ರೈಸ್ತರು ಇದ್ದಾರೆ. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದ ಮೇಲೆ ಬೆತ್ಲೆಹೇಮಿಗೆ ಯಾತ್ರಿಕರು ಬರುವುದು ನಿಂತಿತು. ಆಲಿವ್ ಮರದಲ್ಲಿ ಶಿಲುಬೆ, ಗೋದಲಿ ಕೆತ್ತಿ ಬದುಕುವವರ ಕೆಲಸ ಹೋಯಿತು. 2025ರ ಜುಲೈ 17ರಂದು ಗಾಜಾದ ಪವಿತ್ರ ಕುಟುಂಬ ದೇವಾಲಯದ ಮೇಲೆ ಬಿದ್ದ ಹೊಡೆತಕ್ಕೆ ಮೂವರು ಸತ್ತರು. ಅಲ್ಲಿಗೆ ಹೋಗಲಾಗದ ನಾವೂ ಇವರಿಗೆ ನೆರವಾಗಬಹುದು. ಶುಭ ಶುಕ್ರವಾರದ ಕಾಣಿಕೆ ಪವಿತ್ರ ನಾಡಿಗೆ ಹೋಗುತ್ತದೆ. 1974ರಲ್ಲಿ ಪೋಪ್ ಆರನೆಯ ಪೌಲರು ಇದನ್ನು ಇನ್ನಷ್ಟು ಬಲಪಡಿಸಿದರು. ತಟ್ಟೆಗೆ ಹಾಕುವ ಹತ್ತು ರೂಪಾಯಿ ಎಲ್ಲಿಗೆ ಹೋಗುತ್ತದೆಂದು ತಿಳಿದು ಹಾಕೋಣ.

ಮೂರನೆಯದು, ಯಾರಿಗಾಗಿ ಹಿಂದಿರುಗುತ್ತೇವೆ? 381ರಿಂದ 384ರವರೆಗೆ ಎಗೇರಿಯಾ ಎಂಬ ಮಹಿಳೆ ಪಶ್ಚಿಮದ ದೂರದ ನಾಡಿನಿಂದ ಬಂದು ಪವಿತ್ರ ಸ್ಥಳಗಳನ್ನು ಸುತ್ತಿದರು. ಪ್ರತಿ ಸ್ಥಳದಲ್ಲೂ ಅಲ್ಲಿಗೆ ಸೇರಿದ ಬೈಬಲ್ ಭಾಗವನ್ನು ಓದಿಸಿ ಪ್ರಾರ್ಥಿಸಿದರು. ಕಂಡದ್ದನ್ನೆಲ್ಲ ಊರಿನಲ್ಲಿ ಉಳಿದ ತಮ್ಮ ಸಹೋದರಿಯರಿಗಾಗಿ ಬರೆದಿಟ್ಟರು. ಹೋದವರು ಉಳಿದವರಿಗೆ ತರಬೇಕಾದದ್ದು ಇದನ್ನೇ. ಒಂದು ಜಪಸರ ತಂದುಕೊಟ್ಟು, ಮೊಬೈಲಿನ ಫೋಟೋ ತೋರಿಸಿದರೆ ಸಾಲದು. ಕಂಡದ್ದನ್ನು ಧರ್ಮೋಪದೇಶದ ಮಕ್ಕಳ ಮುಂದೆ ಕೂತು ಹೇಳಬೇಕು.

ಉಳಿದವರ ಯಾತ್ರೆಯೂ ನಿಂತಿಲ್ಲ. 2025ರ ಜೂಬಿಲಿ ವರ್ಷದ ನಿಯಮಗಳಲ್ಲಿ ಧರ್ಮಸಭೆ ಸ್ಪಷ್ಟವಾಗಿ ಹೇಳಿದೆ: ರೋಗಿಗಳು, ಸೆರೆಯಲ್ಲಿರುವವರು, ಒಂಟಿಯಾದ ವೃದ್ಧರು, ಅಂಗವಿಕಲರು ಇವರನ್ನು ಭೇಟಿಮಾಡುವುದು, ಅವರಲ್ಲಿರುವ ಕ್ರಿಸ್ತನ ಬಳಿಗೆ ಮಾಡಿದ ಯಾತ್ರೆಯೇ. ಜೂಬಿಲಿ ಮುಗಿಯಿತು, ಆದರೆ ಆ ಮಾತು ಮುಗಿದಿಲ್ಲ. ನಮ್ಮದೇ ವಾರ್ಡಿನಲ್ಲಿ ಮೆಟ್ಟಿಲು ಇಳಿಯಲಾಗದೆ ತಿಂಗಳುಗಟ್ಟಲೆ ಬಲಿಪೂಜೆಗೆ ಬಾರದ ಅಜ್ಜಿಯರಿದ್ದಾರೆ. ಊರು ಬಿಟ್ಟು ಬಂದು, ಕೊಂಕಣಿ ಬಲಿಪೂಜೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಯಾರೊಡನೆಯೂ ಮಾತಾಡದೆ ಹೊರಟುಹೋಗುವ ಹುಡುಗರಿದ್ದಾರೆ. ಅವರ ಬಾಗಿಲಿಗೆ ವೀಸಾ ಬೇಡ.

ಈ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯ 14 ಸ್ಥಳಗಳನ್ನು ನಡೆಯುವಾಗ ಯುವಜನರು ಮುಂದೆ ಓಡದಿರೋಣ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ಹೆಜ್ಜೆ ಕೂಡಿಸೋಣ. ಬೆತ್ಲೆಹೇಮ್ ಮತ್ತು ಗಾಜಾದ ಕುಟುಂಬಗಳಿಗಾಗಿ ಒಂದು ಪ್ರಾರ್ಥನೆ ಸೇರಿಸೋಣ.